ಅವರು ನಿಮಗೆ ಏನಾಗಬೇಕು?

ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಸರಕಾರದ ಮುದ್ರೆ ಒತ್ತುವುದು ಆ ಇನ್ಸ್‌ಪೆಕ್ಟರನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮುಲಾಜಿಲ್ಲದೆ ಮುಟ್ಟುಗೋಲು ಹಾಕುತ್ತಿದ್ದುದರಿಂದ ಕಚೇರಿಯಲ್ಲಿ ಅವನಿಗೆ ‘ಉಕ್ಕಿನ ಬಟ್ಟು’ ಎಂಬ ಅಡ್ಡಹೆಸರು ಬಿದ್ದಿತ್ತು. ಅದನ್ನು ಕೇಳಿ ಅವನು ಒಳಗೊಳಗೇ ಬೀಗುತ್ತಿದ್ದ. ಆಡುವ ಮಾತಿಗೂ ತೂಕ ತಪ್ಪಬಾರದೆಂದು ಶಾಲೆಯ ಬೆಂಚಿನ ಮೇಲೆ ಕಲಿತ ಪಾಠವನ್ನು ತಲೆ ನರೆತ ಮೇಲೂ ಅವನು ಬಿಟ್ಟಿರಲಿಲ್ಲ.

ಕಚೇರಿ ಬಿಟ್ಟರೆ ಅವನ ಪ್ರಪಂಚ ಹಳೆಯ ರೇಡಿಯೊಗಳದು. ಅವುಗಳನ್ನು ರಿಪೇರಿ ಮಾಡುವ ಹವ್ಯಾಸಿಗಳ ಆನ್‌ಲೈನ್ ಗುಂಪೊಂದರಲ್ಲಿ ‘ಗುಬ್ಬಿ’ ಎಂಬ ಹೆಸರಿನ ಹೆಂಗಸೊಬ್ಬಳು ಪರಿಚಯವಾಗಿದ್ದಳು. ಬೇರೊಂದು ಊರಿನಲ್ಲಿ ಒಂಟಿಯಾಗಿದ್ದಳು. ಕೀಲುಗಳು ಊದಿಕೊಂಡು ಅವಳ ಬೆರಳು ಸ್ಕ್ರೂಡ್ರೈವರ್ ಹಿಡಿಯುತ್ತಿರಲಿಲ್ಲ. ರೇಡಿಯೊದ ಗೊರಗೊರ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದರೆ ಸಾಕು, ಕೇಳಿಯೇ ದೋಷ ಎಲ್ಲಿದೆಯೆಂದು ಹೇಳಿಬಿಡುತ್ತಿದ್ದಳು. ಕೀಲುನೋವಿನ ಜೊತೆಗೆ ಥೈರಾಯ್ಡ್, ಹೊಟ್ಟೆಯ ಹುಣ್ಣು, ತಲೆ ಸೀಳುವ ಮೈಗ್ರೇನ್. ಒಬ್ಬ ವೈದ್ಯನಿಗೆ ಅವಳ ಮೊಣಕಾಲು ಗೊತ್ತು, ಇನ್ನೊಬ್ಬನಿಗೆ ಹೊಟ್ಟೆ ಗೊತ್ತು. ಇಡೀ ಹೆಂಗಸು ಯಾರ ಪಾಲಿಗೂ ಬಂದಿರಲಿಲ್ಲ.

ಒಂದು ದಿನ ಅವಳೇ ಫೋನು ಮಾಡಿದಳು.

“ನಾಳೆ ಕೀಲಿನ ಡಾಕ್ಟರ ಹತ್ರ ಹೋಗ್ಬೇಕು. ಫೋನಲ್ಲೇ ಜೊತೆಗಿರ್ತೀರಾ? ಆ ಕೋಣೆ ಹೊಕ್ಕರೆ ನನ್ನ ತಲೆ ಖಾಲಿ ಡಬ್ಬಿ ಆಗಿಬಿಡುತ್ತೆ. ನೋವಿನ ಮಾತ್ರೆ ತಗೋಬೇಡಿ, ಹುಣ್ಣು ಒಡೆಯುತ್ತೆ ಅಂತ ಹೊಟ್ಟೆ ಡಾಕ್ಟರು ಹೇಳಿದ್ದಾರೆ. ನಾನು ಮರೆತರೆ ನೀವು ನೆನಪಿಸಿ. ಯಾರಾದ್ರೂ ಕೇಳಿದ್ರೆ ಅಣ್ಣ ಅಂದುಬಿಡಿ.”

“ಇರ್ತೀನಿ,” ಎಂದ. ಕೊನೆಯ ಮಾತಿಗೆ ಮಾತ್ರ ಅವನು ಉತ್ತರ ಕೊಡಲಿಲ್ಲ.

ಮರುದಿನ ಕರೆಯ ಆ ಬದಿಯಲ್ಲಿ ನರ್ಸಿನ ದನಿ ಕೇಳಿಸಿತು: “ಫೋನಲ್ಲಿರೋರು ಯಾರು? ಇವರು ನಿಮಗೆ ಏನಾಗಬೇಕು?”

“ಪರಿಚಯದವರು. ಆನ್‌ಲೈನಲ್ಲಿ. ಮುಖ ನೋಡಿಲ್ಲ,” ಎಂದ ಇನ್ಸ್‌ಪೆಕ್ಟರು.

“ಮನೆಯವರಿಗೆ ಮಾತ್ರ, ಸಾರ್.” ಕರೆ ಕಡಿಯಿತು.

ನಿಯಮ ಇರಲಿ, ಬೇಡವೆನ್ನುವವರು ಯಾರು? ಆದರೆ ಕಷ್ಟದ ದಿನಗಳಲ್ಲಿ ತಿರುಗಿಯೂ ನೋಡದ ಒಡಹುಟ್ಟಿದವನೊಬ್ಬ ಅವಳಿಗಿದ್ದ. ಅದೇ ಬಾಗಿಲಲ್ಲಿ ಅವನು ಎದೆಯುಬ್ಬಿಸಿ ಒಳಹೋಗಬಹುದಿತ್ತು. ನೋವಿನ ದಿನಚರಿಯನ್ನೆಲ್ಲ ಕಿವಿಗೊಟ್ಟು ಕೇಳಿದವನು ಹೊರಗೆ! ರಕ್ತವನ್ನು ಮಾತ್ರ ತೂಗಿ ಅಕ್ಕರೆಯನ್ನು ಕಸಕ್ಕೆ ಸುರಿಯುವ ಇಂಥ ತಕ್ಕಡಿಗೆ ಮುದ್ರೆ ಒತ್ತಿದವರು ಯಾರೆಂದು ಕೇಳಲೇಬೇಕು.

ಗುಬ್ಬಿ ಮರೆತಳು. ವೈದ್ಯರು ನೋವಿನ ಮಾತ್ರೆಯನ್ನೇ ಬರೆದರು. ಹುಣ್ಣು ಒಡೆದು ರಕ್ತ ಹೋಗಿ, ಬೇರೊಂದು ಆಸ್ಪತ್ರೆಯಲ್ಲಿ ಮಲಗಿ ಎದ್ದಳು. ಇನ್ಸ್‌ಪೆಕ್ಟರನನ್ನು ಒಂದು ಮಾತೂ ಅನ್ನಲಿಲ್ಲ; ಗುಂಪಿನಲ್ಲಿ ಇತರರ ರೇಡಿಯೊ ಸದ್ದಿಗೆ ಉತ್ತರ ಕೊಡುವುದನ್ನು ಮಾತ್ರ ನಿಲ್ಲಿಸಿದಳು.

ಅಂದವಳು ಅವನ ಹೆಂಡತಿ. ಮೇಜಿನ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತ, “ನಿಜ ಹೇಳಿದ್ದು ನೀವು, ಹೊಟ್ಟೆ ಒಡೆದದ್ದು ಅವಳದು. ಚೆನ್ನಾಗಿದೆ ರೀ ನಿಮ್ಮ ತೂಕ!” ಎಂದಳು.

“ಸುಳ್ಳು ಹೇಳ್ಬೇಕಿತ್ತಾ?”

“ನೀವೇ ಹೇಳಿ ಅಂದ್ನಾ? ಮುಂದಿನ ಸಲ ಫೋನು ನನ್ನ ಕೈಗೆ ಕೊಡಿ. ಅತ್ತಿಗೆ ಅಂತೀನಿ. ನನ್ನ ನಾಲಿಗೆ ಮೇಲೆ ಸರಕಾರಿ ಮುದ್ರೆ ಏನೂ ಬಿದ್ದಿಲ್ಲ.”

ಬೇರೆ ವೈದ್ಯರನ್ನು ಹುಡುಕಿಕೊಂಡು ಅಲೆಯುವ ತ್ರಾಣ ಗುಬ್ಬಿಗಿರಲಿಲ್ಲ. ಅದೇ ಕೀಲಿನ ವೈದ್ಯರ ಬಳಿ ಮತ್ತೆ ಹೋಗುವ ದಿನ ಬಂದಾಗ ಅವನೇ ಅವಳಿಗೆ ಫೋನು ಮಾಡಿ, “ಜೊತೆಗಿರ್ತೀವಿ,” ಎಂದ.

ಫೋನು ಹೆಂಡತಿಯ ಕೈಯಲ್ಲಿತ್ತು. ಅದೇ ನರ್ಸು, ಅದೇ ಪ್ರಶ್ನೆ: “ಏನಾಗಬೇಕು?”

ಹೆಂಡತಿ ಬಾಯಿ ತೆರೆದಳು. ಆಡಲೇಬೇಕಾದ ಮಾತನ್ನು ಇನ್ನೊಬ್ಬರ ನಾಲಿಗೆಯಿಂದ ಆಡಿಸಿ ತಾನು ಮಡಿಯಾಗಿ ನಿಲ್ಲುವುದಕ್ಕಿಂತ ಹೇಡಿತನ ಬೇರೊಂದಿಲ್ಲವೆಂದು ಅವನಿಗೆ ಹೊಳೆದದ್ದು ಆ ಕ್ಷಣದಲ್ಲಿ. ಫೋನನ್ನು ಕಸಿದುಕೊಂಡ.

“ಅಣ್ಣ. ನಾನು ಅವಳ ಅಣ್ಣ.”

“ಸ್ವಂತ ಅಣ್ಣನಾ?”

“ಹೂಂ. ಸ್ವಂತ.”

ಕುರ್ಚಿ ಎಳೆದ ಸದ್ದಾಯಿತು. ವೈದ್ಯರ ಅವಸರದ ದನಿ: “ನೋವು ಕಮ್ಮಿ ಆಗಿಲ್ವಾ? ಸರಿ, ಇದಕ್ಕಿಂತ ಸ್ಟ್ರಾಂಗ್ ಮಾತ್ರೆ ಬರೀತೀನಿ.”

“ಆಯ್ತು ಡಾಕ್ಟ್ರೇ,” ಎಂದಿತು ಗುಬ್ಬಿಯ ಕ್ಷೀಣ ದನಿ.

“ತಂಗೀ,” ಎಂದ ಇನ್ಸ್‌ಪೆಕ್ಟರು, “ಹೊಟ್ಟೆ ವಿಷಯ ಹೇಳಮ್ಮ. ರಕ್ತ ಹೋಗಿದ್ದು.”

“ರಕ್ತ ಹೋಗಿತ್ತಾ? ಮೊದಲೇ ಹೇಳ್ಬಾರ್ದೇನ್ರೀ?”

“ಹೇಳೋಕೆ ಪುರಸೊತ್ತು ಕೊಟ್ಟಿದ್ರೆ ಹೇಳ್ತಿದ್ದೆ,” ಎಂದಳು ಗುಬ್ಬಿ. ಈಗ ಅವಳ ದನಿಗೆ ಜೀವ ಬಂದಿತ್ತು. ವೈದ್ಯರು ಬರೆದ ಚೀಟಿಯನ್ನು ಪರ್ರನೆ ಹರಿದದ್ದು ಇಲ್ಲಿಗೂ ಕೇಳಿಸಿತು. ಆಮೇಲೆ ಅವಳು ಮೊದಲಿನಿಂದ ಹೇಳಿದಳು, ವೈದ್ಯರು ಕೇಳಬೇಕಾಯಿತು.

ಕರೆ ಮುಗಿದ ಮೇಲೆ ಹೆಂಡತಿ ಕತ್ತರಿ ಕೈಗೆತ್ತಿಕೊಂಡಳು. “ಸುಳ್ಳಿನ ರುಚಿ ಹೇಗಿತ್ತು?”

“ಯಾವ ಸುಳ್ಳು?”

ಅವಳು ಅವನ ಮುಖವನ್ನೇ ನೋಡಿದಳು.

“ಹಾಗೋ? ಹಾಗಿದ್ರೆ ನನಗೆ ನಾದಿನಿ ಆದ್ಲು. ನಂಬರ್ ಕೊಡಿ ಇತ್ಲಾಗೆ. ಊಟ ಮಾಡಿದ್ಲೋ ಇಲ್ವೋ ಕೇಳ್ತೀನಿ.”