ಬಿದ್ದವನು ಏಳುವ ತನಕ

ಹೊಳಿಯಪ್ಪನ ಕತ್ತಿನ ಬುಡದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟೊಂದಿತ್ತು. ಹುಟ್ಟುತ್ತ ಬಂದದ್ದಲ್ಲ. ಇಪ್ಪತ್ತೆರಡು ವರ್ಷ ಎಪ್ಪತ್ತೈದು ಕೆಜಿಯ ಭತ್ತದ ಚೀಲ ಬಂದು ಕೂತ ಜಾಗ ಅದು. ಹೆಂಡತಿ ಪಕ್ಕೀರವ್ವ ದಿನಾ ಸಂಜೆ ಅದಕ್ಕೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. "ಮಂದಿ ಗಂಡಂದ್ರು ಕೊರಳಾಗ ಬಂಗಾರ ಹಾಕ್ಕೊಂಡು ಅಡ್ಡಾಡ್ತಾರ, ನನ್ನ ಗಂಡ ಗಂಟು ಹಾಕ್ಕೊಂಡು ಅಡ್ಡಾಡ್ತಾನ" ಎಂದು ಚಾಷ್ಟಿ ಮಾಡುತ್ತಿದ್ದಳು.

ಗಂಗಾವತಿಯಿಂದ ಶ್ರೀರಾಮನಗರಕ್ಕೆ ಹೋಗುವ ರಸ್ತೆಯಲ್ಲಿ ದೊಡ್ಡಬಸಪ್ಪ ಸಾಹುಕಾರರ ಅಕ್ಕಿ ಗಿರಣಿ. ಅಲ್ಲಿ ಹೊಳಿಯಪ್ಪನೂ ಸೇರಿ ಹನ್ನೆರಡು ಮಂದಿ ಹಮಾಲರು. ಬೆನ್ನಿನ ಮೇಲೆ ಚೀಲ, ಕಾಲ ಕೆಳಗೆ ಒಂದು ಗೇಣು ಅಗಲದ ಹಲಗೆ, ಹಲಗೆಯ ಆ ತುದಿಗೆ ಲಾರಿ. ಇಷ್ಟೇ ಅವರ ಪ್ರಪಂಚ.

ಆ ಪ್ರಪಂಚಕ್ಕೆ ಒಂದು ಕಟ್ಟಳೆ ಇತ್ತು. ಒಬ್ಬ ಬಿದ್ದರೆ ಉಳಿದವರೆಲ್ಲ ಹೊತ್ತ ಚೀಲ ಇಳಿಸಿ ಅವನ ಹತ್ತಿರ ಹೋಗಬೇಕು. ಬಿದ್ದವನು ತಾನೇ ಎದ್ದು, ಮೈಯ ಧೂಳು ಕೊಡವಿ, "ಹೂಂ, ಎತ್ರಿ" ಅನ್ನುವ ತನಕ ಗಿರಣಿಯಲ್ಲಿ ಒಂದು ಚೀಲವೂ ಏಳಬಾರದು. ಹಿಂದೊಮ್ಮೆ ಗಾಳೇಶನೆಂಬವನು ಹಲಗೆಯಿಂದ ಜಾರಿದಾಗ ಎಲ್ಲರೂ ನಕ್ಕು ತಮ್ಮ ಕೆಲಸ ನೋಡಿಕೊಂಡಿದ್ದರು. ಮೂರು ಮೂರು ಚೀಲ ಹಾಕಿ ಬಂದು ನೋಡಿದರೆ ಗಾಳೇಶನ ಉಸಿರು ನಿಂತಿತ್ತು. ಅವತ್ತು ಹುಟ್ಟಿದ ಕಟ್ಟಳೆ ಅದು. ಗುಂಪಿನ ಹಿರಿಯ ಅಮೀನಸಾಬ ಹೊಸಬರಿಗೆ ಮೊದಲ ದಿನ ಅದನ್ನು ಕಲಿಸುತ್ತಿದ್ದ. ಚೀಲ ಹೊರುವುದನ್ನು ಎರಡನೆಯ ದಿನ.

ಜೂನ್ ತಿಂಗಳು ಗಿರಣಿ ಖಾಲಿ ಬಿದ್ದಿದ್ದಾಗ ಸಿನಿಮಾದವರು ಬಂದರು. ಹಮಾಲರ ಕಥೆಯಂತೆ. ಹಮಾಲನ ವೇಷದ ಹೀರೊ ದುಷ್ಟ ಸಾಹುಕಾರನನ್ನು ಬಡಿಯುತ್ತಾನಂತೆ. ದೊಡ್ಡಬಸಪ್ಪನವರು ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕರು, ಗಿರಣಿಯನ್ನು ಬಾಡಿಗೆಗೆ ಕೊಟ್ಟರು. "ನಮ್ಮ ಹಮಾಲ್ರೂ ಖಾಲಿ ಅದಾರ, ಅವರನ್ನೂ ತಗೋರಿ" ಎಂದು ಬಕ್ಷೀಸಿನ ಹಾಗೆ ಸೇರಿಸಿದರು.

ಸಿನಿಮಾದವರು ಹನ್ನೆರಡು ಮಂದಿಗೂ ಕರಿ ಬನಿಯನ್ ತೊಡಿಸಿ, ಕೈಗೆ ರಬ್ಬರಿನ ರಾಡು ಕೊಟ್ಟು, ಸಾಹುಕಾರನ ಕಡೆಯ ರೌಡಿಗಳನ್ನಾಗಿ ಮಾಡಿದರು.

"ನೋಡ್ರಪಾ ನ್ಯಾಯ" ಎಂದ ಹನಮೇಶ. ಹೊಳಿಯಪ್ಪನ ಬೆನ್ನಿಗೆ ಚೀಲ ಎತ್ತಿ ಕೊಡುವ ಜೋಡಿ ಇವನು. "ನಮ್ಮ ವೇಷ ಅವಂಗ, ರೌಡಿ ವೇಷ ನಮಗ."

ಫೈಟ್ ಮಾಸ್ತರನ ಹೆಸರು ಕಲ್ಲೇಶ. ಕುಷ್ಟಗಿ ಕಡೆಯವನು. ಚಿಕ್ಕವನಿದ್ದಾಗ ಸಿನಿಮಾದ ಹುಚ್ಚಿಗೆ ಊರು ಬಿಟ್ಟವನ, ಬಿದ್ದು ಮುರಿದ ಬಲಗೈ ಮಣಿಕಟ್ಟಿನೊಳಗೆ ಈಗ ಉಕ್ಕಿನ ಪಟ್ಟಿ ಇತ್ತು. ಹಮಾಲರನ್ನು ಕೂರಿಸಿಕೊಂಡು ಸಾಲಿ ಮಾಸ್ತರನ ಹಾಗೆ ಹೇಳಿಕೊಟ್ಟ.

"ಫೈಟ್ ಅಂದ್ರ ಹೊಡಿಯೂದಲ್ರಿ, ಬೀಳೂದು. ಹೀರೊ ಬರೇ ಗಾಳಿಗೆ ಗುದ್ದತಾನ. ಆ ಗುದ್ದಿಗೆ ತೂಕ ಕೊಡಾಂವ ಬೀಳಾಂವ. ಅಂವ ಸುಳ್ಳು ಸುಳ್ಳು ಬಿದ್ರ ಮಂದಿ ಆಕಳಿಸ್ತಾರ."

"ಖರೇ ಬಿದ್ರ?" ಎಂದ ಹೊಳಿಯಪ್ಪ.

"ಖರೇ ಬಿದ್ದಂಗ ಕಾಣಬೇಕು. ಬೀಳೂ ಮುಂದ ಒಂದು ಗಳಿಗಿ ತುದಿಮ್ಯಾಲ ನಿಲ್ಲಬೇಕು. ಈಗ ಬೀಳ್ತಾನೋ, ಉಳೀತಾನೋ ಅಂತ ಮಂದಿ ಉಸಿರು ಹಿಡೀಬೇಕು. ಆಮ್ಯಾಲ ಮ್ಯಾಲಿಂದ ಕೆಳಗಿನತನಕ ಕ್ಯಾಮೆರಾ ಕಣ್ಣು ಮುಚ್ಚಬಾರ್ದು. ತುಂಡು ತುಂಡು ತೋರ್ಸಿದ್ರ ಮಂದಿಗೆ ಮೋಸ ಗೊತ್ತಾಗ್ತೈತಿ."

ಹೀರೊ ಸೂರಿನ ಹತ್ತಿರದ ತನಕ ಒಟ್ಟಿದ ಚೀಲಗಳ ಮೇಲಿಂದ ರೌಡಿಗಳ ನಡುವೆ ಬಿದ್ದು, ಎದ್ದು, ಎಲ್ಲರನ್ನೂ ಬಡಿಯಬೇಕಿತ್ತು. ಅವನ ಬದಲು ಬೀಳಬೇಕಾದವನಿಗೆ ಹಿಂದಿನ ದಿನವೇ ಜ್ವರ ಹಿಡಿದಿತ್ತು. ಕಲ್ಲೇಶ ಹಮಾಲರನ್ನು ಒಬ್ಬೊಬ್ಬರಾಗಿ ಬೀಳಿಸಿ ನೋಡಿದ. ಹೊಳಿಯಪ್ಪ ಬಿದ್ದದ್ದನ್ನು ನೋಡಿ ಕಲ್ಲೇಶ ಎದ್ದು ನಿಂತ.

"ಇದನ್ನ ಎಲ್ಲಿ ಕಲ್ತಿಯಪ?"

"ಹಲಗಿ ಕಲಿಸೈತ್ರಿ. ಕಾಲು ಜಾರಿತು ಅಂದ್ರ ಚೀಲ ಬಲಕ್ಕ ಬಿಡಬೇಕು, ಮೈ ಎಡಕ್ಕ ಒಗೀಬೇಕು. ಚೀಲದ ಮ್ಯಾಲ ಮಮತಾ ಮಾಡಿದ್ರ ಅದು ನಮ್ಮ ಮ್ಯಾಲ ಬರ್ತೈತಿ."

"ಹತ್ತು ವರ್ಷ ಕಲ್ತೋರಿಗೂ ಇದು ಬರೂದಿಲ್ಲ. ನೀ ನನಗ ಮಾಸ್ತರ ಆಗಬೇಕು" ಎಂದ ಕಲ್ಲೇಶ.

ಇಪ್ಪತ್ತೆರಡು ವರ್ಷದಲ್ಲಿ ಹೊಳಿಯಪ್ಪನ ಮೈಯ ಕೆಲಸವನ್ನು ಯಾರೂ ಮೆಚ್ಚಿದ್ದಿಲ್ಲ. ಆ ಒಂದು ಮಾತಿಗೆ ಅವನು ಉಬ್ಬಿಹೋದ. ಬಡವನನ್ನು ಕೆಡವಲು ಯಾವಾಗಲೂ ದೊಣ್ಣೆಯೇ ಬೇಕಾಗುವುದಿಲ್ಲ, ಒಂದು ಹೊಗಳಿಕೆ ಸಾಕು.

ಅವನಿಗೆ ಹೀರೊನ ಅಂಗಿ ತೊಡಿಸಿದರು. ಕೆಳಗೆ ಹೊಟ್ಟು ತುಂಬಿದ ಚೀಲಗಳನ್ನು ಹಾಸಿದರು. ಹೊಳಿಯಪ್ಪ ತುದಿಯಲ್ಲಿ ಒಂದು ಗಳಿಗೆ ನಿಂತು ಬಿದ್ದ. ಬಿದ್ದದ್ದೇ ತಡ, ಹನ್ನೊಂದು ರೌಡಿಗಳು ರಾಡು ಬಿಸಾಕಿ ಓಡಿ ಬಂದರು. "ಏನಾತೋ, ಪೆಟ್ಟಾತೇನೋ" ಎಂದು ಹನಮೇಶ ಅವನ ತಲೆ ಹಿಡಿದುಕೊಂಡ.

ನಿರ್ದೇಶಕ ಕುರ್ಚಿಯಿಂದ ಎದ್ದ. "ಯಾರ್ರೀ ಓಡಿ ಬರೋಕೆ ಹೇಳಿದ್ದು? ನೀವು ರೌಡಿಗಳು ಕಣ್ರೀ. ಅವನು ಬಿದ್ರೆ ನೀವು ಖುಷಿಪಡಬೇಕು."

ಎರಡನೆಯ ಸಲವೂ ಹಾಗೇ ಆಯಿತು. ತಡೆಯಬೇಕೆಂದು ಎಲ್ಲರಿಗೂ ಗೊತ್ತಿತ್ತು, ಆದರೆ ಕಾಲು ಕೇಳಬೇಕಲ್ಲ. ನಿರ್ದೇಶಕನ ಕೂಗಾಟಕ್ಕೆ ದೊಡ್ಡಬಸಪ್ಪನವರೇ ಬಂದರು. "ಕಟ್ ಅನ್ನೂತನಕ ಒಬ್ಬಾಂವ ಅಲುಗಾಡಿದ್ರೂ ಹನ್ನೆರಡೂ ಮಂದಿ ಗಿರಣಿ ಕಡೆ ಮುಖ ಹಾಕಬ್ಯಾಡ್ರಿ. ಹಮಾಲ್ರು ಎಲ್ಲೆ ಬೇಕಾದ್ರೂ ಸಿಗ್ತಾರ" ಎಂದು ಹೇಳಿ ಹೋದರು. ಅಮೀನಸಾಬ ತಲೆ ತಗ್ಗಿಸಿದ.

ನಿರ್ದೇಶಕನಿಗೆ ಇನ್ನೊಂದು ತಕರಾರಿತ್ತು. "ಹೊಟ್ಟು ಹಾರುತ್ತೆ, ಭಾರ ಕಾಣಲ್ಲ. ಭತ್ತದ ಚೀಲ ಹಾಸಿ. ಒಡೆದು ಭತ್ತ ಚೆಲ್ಲಬೇಕು."

"ಸರ್, ಭತ್ತದ ಚೀಲ ಬಂಡಿಗಲ್ಲು ಇದ್ದಂಗ ಇರ್ತೈತ್ರಿ" ಎಂದ ಕಲ್ಲೇಶ.

"ಹೀರೊ ಐದು ಗಂಟೆಗೆ ಹೊರಡ್ತಾರೆ. ಆಗುತ್ತಾ, ಇಲ್ವಾ?"

ಕಲ್ಲೇಶ ತನ್ನ ಮಣಿಕಟ್ಟು ತಿಕ್ಕಿಕೊಂಡ. ಅವನಿಗೆ ಸಿಗಬೇಕಿದ್ದ ಮುಂದಿನ ಸಿನಿಮಾವೂ ಈ ನಿರ್ದೇಶಕನದೇ ಆಗಿತ್ತು. ಅವನು ಹೊಳಿಯಪ್ಪನ ಕಡೆ ನೋಡಿದ. ಹೊಳಿಯಪ್ಪ, ಹಾಳಾದ ಹೊಗಳಿಕೆಯ ಗುಂಗಿನಲ್ಲಿದ್ದವನು, "ಬೀಳ್ತೀನ್ರಿ" ಎಂದುಬಿಟ್ಟ.

ಭತ್ತದ ಚೀಲ ತಂದು ಹಾಸಿದವರು ಹಮಾಲರೇ. ಆ ಚೀಲ ಎಷ್ಟು ಗಟ್ಟಿ ಅನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಹೊಳಿಯಪ್ಪನಿಗೆ ಬೀಳಲು ಬರುತ್ತದೆ ಎಂದು ಒಬ್ಬೊಬ್ಬರೂ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮೂರನೆಯ ಸಲ ಹೊಳಿಯಪ್ಪ ಮೈಯನ್ನು ಎಡಕ್ಕೆ ಒಗೆದ. ಸೊಂಟ ಚೀಲದ ಅಂಚಿಗೆ ಬಡಿಯಿತು. ಒಳಗೆ ಏನೋ ಮುರಿದ ಸದ್ದು ಅವನಿಗೊಬ್ಬನಿಗೇ ಕೇಳಿಸಿತು. ಚೀಲ ಒಡೆದು ಭತ್ತ ಮುಖದ ಮೇಲೆ ಸುರಿಯಿತು. ಕೂಗಲು ಬಾಯಿ ತೆರೆದರೆ ಭತ್ತವೇ ತುಂಬಿಕೊಂಡಿತು. ಸುತ್ತಲೂ ಗೆಳೆಯರ ಕಾಲುಗಳು ಕಾಣುತ್ತಿದ್ದವು. ಅಮೀನಸಾಬನ ಒಡೆದ ಹಿಮ್ಮಡಿ, ಹನಮೇಶನ ಸೊಟ್ಟ ಹೆಬ್ಬೆರಳು. ಒಂದು ಕಾಲೂ ಅವನ ಕಡೆ ಬರಲಿಲ್ಲ. ಸೊಂಟದ ನೋವಿಗಿಂತ ಅದೇ ಹೆಚ್ಚು ನೋಯಿತು.

ಕಟ್ ಅನ್ನಲು ನಿರ್ದೇಶಕನಿಗೆ ಮನಸ್ಸಿರಲಿಲ್ಲ. "ಅದ್ಭುತ" ಎಂದು ಪಿಸುಗುಟ್ಟುತ್ತಿದ್ದ. ಎಲ್ಲ ಮುಗಿದ ಮೇಲೆ ನಾಲ್ಕು ಮಂದಿ ಹೊಳಿಯಪ್ಪನನ್ನು ಪಕ್ಕಕ್ಕೆ ಎತ್ತಿಟ್ಟರು. ಅವನು ಬಿದ್ದಿದ್ದ ಜಾಗದಲ್ಲಿ ಹೀರೊ ಬಂದು ಮಲಗಿದ, ಕ್ಯಾಮೆರಾ ಶುರುವಾದ ಮೇಲೆ ಎದ್ದು ಧೂಳು ಕೊಡವಿಕೊಂಡ.

ಕೊಪ್ಪಳದ ಡಾಕ್ಟರರು ಎಕ್ಸ್‌ರೇ ತೆಗೆಸಿ ನೋಡಿ, ಬೆನ್ನೆಲುಬಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಬೇಕು, ಅದಾದರೆ ಮಾತ್ರ ನೆಟ್ಟಗೆ ನಡೆದಾನು ಎಂದರು. ಪಕ್ಕೀರವ್ವ ಗಿರಣಿಗೆ ಹೋದಳು.

"ನನ್ನ ಗಿರಣ್ಯಾಗ ಚೀಲ ಹೊರೂವಾಗ ಬಿದ್ದಾನೇನವ್ವ? ಸಿನಿಮಾದಾಗ ಬಿದ್ದಾನ. ಅವರನ್ನ ಕೇಳು" ಎಂದರು ದೊಡ್ಡಬಸಪ್ಪ.

ಸಿನಿಮಾ ಕಂಪನಿಯ ಮ್ಯಾನೇಜರ್ ಪ್ರಭುರಾಜನಿಗೆ ಫೋನ್ ಹಚ್ಚಿದರೆ ಅವನ ಮಾತು ಬೆಣ್ಣೆಯಂತಿತ್ತು. "ನಮ್ಮ ಸಿನಿಮಾದಲ್ಲಿ ಬಿದ್ದಿಲ್ಲಮ್ಮ. ಆ ಫೈಟ್ ಪೂರ್ತಿ ಹೀರೊನೇ ಮಾಡಿರೋದು, ಡೂಪ್ ಇಲ್ಲ ಅಂತ ಟೀವಿಯಲ್ಲೂ ಹೇಳಿದ್ದಾರೆ. ಗಿರಣಿಯಲ್ಲಿ ಎಲ್ಲೋ ಬಿದ್ದಿರಬೇಕು."

"ಹನ್ನೊಂದು ಮಂದಿ ನೋಡ್ಯಾರ್ರಿ."

"ಸಿನಿಮಾ ಬರುತ್ತಲ್ಲ, ನೋಡಿ. ನಿಮ್ಮ ಯಜಮಾನರು ಎಲ್ಲಿದ್ದಾರೆ ಅಂತ ಅದರಲ್ಲಿ ತೋರಿಸಿ. ತೋರಿಸಿದರೆ ಆಪರೇಷನ್ ನಾವೇ ಮಾಡಿಸ್ತೀವಿ."

ಗಿರಣಿಯಲ್ಲೂ ಬೀಳಲಿಲ್ಲ, ಸಿನಿಮಾದಲ್ಲೂ ಬೀಳಲಿಲ್ಲ. ಹಾಗಾದರೆ ಹೊಳಿಯಪ್ಪ ಬಿದ್ದದ್ದಾದರೂ ಎಲ್ಲಿ? ಆರು ತಿಂಗಳು ಹೊರಸಿನ ಮೇಲೆ ಮಲಗಿ ಇದನ್ನೇ ಯೋಚಿಸಿದ. ಪಕ್ಕೀರವ್ವ ನಾಟಿಗೂ ಕೊಯ್ಲಿಗೂ ಹೋಗಿ ಅವನ ಹೊಟ್ಟೆಗೆ ಹಾಕಿದಳು. ಹನಮೇಶ ವಾರಕ್ಕೊಮ್ಮೆ ಬರುತ್ತಿದ್ದ, ಬಾಗಿಲಲ್ಲಿ ಕೂತು ನೆಲ ನೋಡುತ್ತಿದ್ದ. ಹೊಳಿಯಪ್ಪನೂ ಅವನನ್ನು ಮಾತಾಡಿಸುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಸಿನಿಮಾ ಗಂಗಾವತಿಗೆ ಬಂತು. ಮೊದಲ ದಿನದ ಆಟಕ್ಕೆ ಹಮಾಲರು ಹೊಳಿಯಪ್ಪನನ್ನು ಟಂಟಂ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು, ಎತ್ತಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ಪಕ್ಕೀರವ್ವ ಸೆರಗು ಕಚ್ಚಿಕೊಂಡು ಕೂತಳು.

ಫೈಟು ಬಂತು. ಹೀರೊ ಚೀಲದ ಮೇಲೆ ನಿಂತು ಅಬ್ಬರಿಸಿದ. ಅವನ ಕತ್ತು ಬಾಳೆದಿಂಡಿನಂತೆ ನುಣ್ಣಗಿತ್ತು. ಮರುಗಳಿಗೆ ತೆರೆಯ ಮೇಲೆ ಅದೇ ಅಂಗಿಯ ಬೆನ್ನು ಕಂಡಿತು. ಅದು ತುದಿಯಲ್ಲಿ ನಿಂತಿತು. ಇಡೀ ಟಾಕೀಸು ಉಸಿರು ಹಿಡಿಯಿತು. ಕಲ್ಲೇಶ ಹೇಳಿದ್ದು ಸುಳ್ಳಾಗಿರಲಿಲ್ಲ. ಅಂಗಿಯ ಕಾಲರಿನ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದು ಕಾಣುತ್ತಿತ್ತು.

"ನೋಡ್ರಿ, ನೋಡ್ರಿ, ಗಂಟು. ನಾ ಎಣ್ಣಿ ತಿಕ್ಕಿದ ಗಂಟು" ಎಂದಳು ಪಕ್ಕೀರವ್ವ.

ಬೆನ್ನು ಮೇಲಿಂದ ಕೆಳಕ್ಕೆ ಬಂತು. ಕ್ಯಾಮೆರಾ ಕಣ್ಣು ಮುಚ್ಚಲಿಲ್ಲ. ಭತ್ತ ಬಂಗಾರದಂತೆ ಚೆಲ್ಲಿತು. ಸೀಟಿ ಬಿದ್ದವು, ಹರಿದ ಕಾಗದ ಹಾರಿದವು. ಆ ಸದ್ದಿನ ನಡುವೆ ಹನಮೇಶ ಎದ್ದು ನಿಂತ. ಅವನ ಹಿಂದೆ ಅಮೀನಸಾಬ, ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹನ್ನೊಂದು ಮಂದಿ. ಆರು ತಿಂಗಳ ಹಿಂದೆ ಅಲುಗಾಡದ ಕಾಲುಗಳು ಕುರ್ಚಿ ದಾಟಿ ಹೊಳಿಯಪ್ಪನ ಸುತ್ತ ಬಂದು ನಿಂತವು.

"ಏ, ಕೂಡ್ರೋ, ತೆರಿ ಕಾಣವಲ್ದು" ಎಂದು ಹಿಂದಿನವರು ಬೈದರು. ಟಾಕೀಸಿನ ಮ್ಯಾನೇಜರ್ ಬ್ಯಾಟರಿ ಹಿಡಿದು ಬಂದ.

"ನಮ್ಮಾಂವ ಬಿದ್ದಾನ್ರಿ. ಏಳೂತನಕ ನಾವು ಕೂಡೂದಿಲ್ಲ" ಎಂದ ಅಮೀನಸಾಬ.

"ಯಾರಪ್ಪಾ ಬಿದ್ದಾಂವ? ಹೀರೊ ಎದ್ದು ನಿಂತಾನ ನೋಡಲ್ಲೆ."

"ಎದ್ದಾಂವ ಬ್ಯಾರೆ, ಬಿದ್ದಾಂವ ಬ್ಯಾರೆ. ಬಿದ್ದಾಂವ ಇಲ್ಲೆ ಅದಾನ, ಬ್ಯಾಟರಿ ಈ ಕಡೆ ಹಿಡೀರಿ."

ಬ್ಯಾಟರಿಯ ಬೆಳಕು ಹೊಳಿಯಪ್ಪನ ಕತ್ತಿನ ಮೇಲೆ ಬಿತ್ತು. ಸುತ್ತಲಿನ ಮೂರು ನಾಲ್ಕು ಸಾಲಿನವರು ತೆರೆಯನ್ನು ಬಿಟ್ಟು ಅವನನ್ನು ನೋಡಿದರು. ಉಳಿದವರು ಸೀಟಿ ಹೊಡೆಯುತ್ತಲೇ ಇದ್ದರು. ಮ್ಯಾನೇಜರ್ ಕೈಮುಗಿದು ಎಲ್ಲರನ್ನೂ ಹೊರಗೆ ಕಳಿಸಿದ.

ಟಾಕೀಸಿನ ಅಂಗಳದಿಂದಲೇ ಪಕ್ಕೀರವ್ವ ಪ್ರಭುರಾಜನಿಗೆ ಫೋನ್ ಹಚ್ಚಿಸಿದಳು. "ತೋರಿಸು ಅಂದಿದ್ರಿ. ಗಂಟು ಕಂಡೈತ್ರಿ. ಊರ ಮಂದಿ ನೋಡ್ಯಾರ."

ಪ್ರಭುರಾಜ ಅಂದ: "ಅಯ್ಯೋ, ಆ ಗಂಟು ಮೇಕಪ್ ಅಮ್ಮ. ಹಮಾಲನ ಪಾತ್ರಕ್ಕೆ ಅಂತ ಹೀರೊ ನಾಲ್ಕು ಗಂಟೆ ಕೂತು ಹಾಕಿಸಿಕೊಂಡಿದ್ದು. ಪೇಪರಿನಲ್ಲೂ ಬಂದಿದೆ."

ಪಕ್ಕೀರವ್ವ ಫೋನನ್ನು ಹನಮೇಶನ ಕೈಗೆ ಕೊಟ್ಟು ಗಂಡನ ಹತ್ತಿರ ಬಂದಳು. ಅವನ ಕತ್ತಿನ ಗಂಟನ್ನು ಸೆರಗಿನಿಂದ ಜೋರಾಗಿ ತಿಕ್ಕಿದಳು, ಬಣ್ಣವಾಗಿದ್ದರೆ ಹೋಗಲಿ ಅನ್ನುವಂತೆ. ಹೊಳಿಯಪ್ಪನಿಗೆ ಅಳು ಬಂತು. ಬಿದ್ದಾಗ ಅಳದವನು ಅವತ್ತು ಟಂಟಂನಲ್ಲಿ ಮಲಗಿ ಅತ್ತ. ಮೈ ತೆಗೆದುಕೊಂಡರು, ಬಿದ್ದದ್ದನ್ನು ತೆಗೆದುಕೊಂಡರು, ಕಡೆಗೆ ಗಂಟನ್ನೂ ಬಿಡಲಿಲ್ಲ.

ಹನಮೇಶ ಅವನ ಕಾಲ ಹತ್ತಿರ ಕೂತ. "ಅವತ್ತ ನಾ ರಾಡು ಬಿಸಾಕಬೇಕಿತ್ತೋ" ಎಂದ.

"ಬಿಸಾಕಬೇಕಿತ್ತು" ಎಂದ ಹೊಳಿಯಪ್ಪ. ಆರು ತಿಂಗಳಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು ಅದು.

ಮರುದಿನ ಬೆಳಿಗ್ಗೆ ಗಿರಣಿಯ ಮುಂದೆ ಹೊಸ ಭತ್ತದ ಲಾರಿಗಳು ಸಾಲುಗಟ್ಟಿದ್ದವು. ಗೋಡೆಯ ಪಕ್ಕ ಹೊರಸೊಂದಿತ್ತು, ಅದರ ಮೇಲೆ ಹೊಳಿಯಪ್ಪ. ಸುತ್ತ ಹನ್ನೊಂದು ಮಂದಿ ಬರಿಗೈಯಲ್ಲಿ ಕೂತಿದ್ದರು. ದೊಡ್ಡಬಸಪ್ಪನವರು ಸುದ್ದಿ ತಿಳಿದು ಶ್ರೀರಾಮನಗರದ ಇನ್ನೊಂದು ಗಿರಣಿಯಿಂದ ಹಮಾಲರನ್ನು ತರಿಸಿದ್ದರು. ಬಂದವರು ಹೊರಸನ್ನು ನೋಡಿದರು, ಅಮೀನಸಾಬನನ್ನು ಕೇಳಿದರು, ಹೆಗಲ ಮೇಲಿನ ಚೀಲದ ಬಟ್ಟೆ ತೆಗೆದು ಹಾಸಿಕೊಂಡು ಪಕ್ಕದಲ್ಲೇ ಕೂತರು.

ದೊಡ್ಡಬಸಪ್ಪನವರು ಬಿಸಿಲಿಗೆ ಬಂದು ನಿಂತರು.

"ಹತ್ತು ಗಂಟೆ ಆತು. ಚೀಲ ಯಾಕ ಎತ್ತವಲ್ರಿ?"

"ಹೊಳಿಯಪ್ಪ ಬಿದ್ದಾನ್ರಿ ಸಾಹುಕಾರ್ರ" ಎಂದ ಅಮೀನಸಾಬ.

"ಅಂವ ಬಿದ್ದು ಆರು ತಿಂಗಳಾತಲ್ಲೋ."

"ಹೌದ್ರಿ. ಇನ್ನೂ ಎದ್ದಿಲ್ರಿ."