ಕಾವಿಗೆ ಕುಂತಾಕಿ

ಹೇಂಟೆ ಮೂರನೆಯ ಸಲವೂ ಭೀಮುವಿನ ಕೈ ಕುಕ್ಕಿತು. ಮಂಚದ ಕೆಳಗಿನಿಂದ ಕೈ ಎಳೆದುಕೊಂಡು ಅವನು ಬೆರಳನ್ನು ಬಾಯಲ್ಲಿಟ್ಟ. ಮಂಚ ಖಾಲಿಯಿತ್ತು. ಹದಿನೈದು ವರ್ಷ ರಾತ್ರಿ ಅದರ ಮೇಲೆ ಮಲಗುತ್ತಿದ್ದ ಅವನ ಅವ್ವ ಅಂಬಾಬಾಯಿಯನ್ನು ಬೆಳಗಿನ ಜಾವವೇ ನೆಲಕ್ಕಿಳಿಸಿ, ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ಭಂಡಾರ ಬಳಿದಿದ್ದರು.

"ಬಿಡೊ, ನಿನಗ ಸಿಗೂದಿಲ್ಲ ಅದು," ಎಂದು ಬಾಗಿಲಲ್ಲಿ ನಿಂತ ಗುರಣ್ಣ ಹೇಳಿದ. "ಕಾವಿಗೆ ಕುಂತ ಕೋಳಿ ಅಂದ್ರ ಹುಲಿ ಇದ್ದಂಗ. ಚೀಲ ಹಾಕಿ ಮುಚ್ಚಿ ಹಿಡಿ."

ಗುರಣ್ಣ ಭೀಮುವಿಗೆ ಕಾಕಾ ಆಗಬೇಕು. ಶಹಾಪುರದ ಕಡೆಯಿಂದ ಇವರನ್ನೆಲ್ಲ ಪುಣೆಗೆ ಕರೆತಂದವನು, ಗೌಂಡಿ ಕೆಲಸದ ಗ್ಯಾಂಗಿಗೆ ಇಪ್ಪತ್ತು ವರ್ಷ ಆಳು ಹಚ್ಚುವ ಮುಕಾದಮನಾಗಿದ್ದವನು. ಭೋಸರಿಯ ಈ ತಗಡಿನ ಪತ್ರಾ ಶೆಡ್ಡುಗಳ ಓಣಿಯಲ್ಲಿ ಯಾರು ಹುಟ್ಟಿದರೂ ಯಾರು ಸತ್ತರೂ ಅವನದೇ ಮಾತು. ಇವತ್ತು ಅವನ ಮಾತು ಒಂದೇ ಒಂದು: ಶನಿವಾರದ ಹೆಣ ಒಂಟಿಯಾಗಿ ಹೋಗುವುದಿಲ್ಲ, ಚಟ್ಟಕ್ಕೆ ಒಂದು ಜೀವಂತ ಕೋಳಿ ಕಟ್ಟಿ ಒಯ್ದು ಸುಡುಗಾಡಿನಲ್ಲಿ ಬಿಟ್ಟು ಬರಬೇಕು. ಇಲ್ಲದಿದ್ದರೆ ಹೋದವಳು ಮನೆಯೊಳಗಿಂದಲೇ ಯಾರನ್ನಾದರೂ ಜೋಡಿ ಕರೆದುಕೊಳ್ಳುತ್ತಾಳೆ.

ಬೇರೆ ವರ್ಷವಾಗಿದ್ದರೆ ಇದೇನು ದೊಡ್ಡ ಮಾತಲ್ಲ. ಓಣಿಯ ತುದಿಯಲ್ಲೇ ಎರಡು ಚಿಕನ್ ಅಂಗಡಿಗಳಿದ್ದವು. ಆದರೆ ಅದು ಎರಡು ಸಾವಿರದ ಆರರ ಮಾರ್ಚ್. ಟಿವಿಯಲ್ಲಿ ಹಕ್ಕಿಜ್ವರದ ಸುದ್ದಿ ಬಂದದ್ದೇ ತಡ, ಅಂಗಡಿಗಳ ಬಾಗಿಲು ಬಿತ್ತು, ಪಂಜರಗಳು ಖಾಲಿಯಾದವು. ಜ್ವರ ಕೋಳಿಗೆ ಬಂದಿತ್ತೋ ಜನಕ್ಕೆ ಬಂದಿತ್ತೋ ದೇವರೇ ಬಲ್ಲ. ಪಕ್ಕದ ಮನೆಯ ರಂಗೂಬಾಯಿ ಸೂರ್ಯ ಹುಟ್ಟುವ ಮೊದಲೇ ಮಗನನ್ನು ಲಾಂಡೇವಾಡಿಯವರೆಗೂ ಓಡಿಸಿ ನೋಡಿದ್ದಳು.

"ಕುಠೇಚ್ ನಾಹೀ," ಎಂದು ಅವಳು ಕೈ ಅಲ್ಲಾಡಿಸಿದಳು. ಎಲ್ಲೂ ಇಲ್ಲ.

ಇದ್ದದ್ದು ಇದೊಂದೇ, ಅಂಬಾಬಾಯಿ ಜನರ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಇಟ್ಟುಕೊಂಡಿದ್ದ ಕೆಂಪು ಹೇಂಟೆ. ಅದರ ಹೊಟ್ಟೆಯಡಿ ಹನ್ನೊಂದು ತತ್ತಿ.

ಭೀಮು ಚೀಲ ಹುಡುಕಲು ಎದ್ದಾಗ ಅವನ ಹೆಂಡತಿ ದುರ್ಗಾ ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದು ಮಂಚಕ್ಕೆ ಅಡ್ಡ ನಿಂತಳು.

"ಕಾಕಾ, ಅದು ಬ್ಯಾಡ್ರಿ. ನಾಳಿ ಐತವಾರಕ್ಕ ಇಪ್ಪತ್ತೊಂದು ದಿನ ತುಂಬತಾವ. ಎದಿ ಹಿಡಕೊಂಡು ಬಿದ್ದಾಗ ಅತ್ತಿ ಅಂದಿದ್ದು ಅದೊಂದೇ ಮಾತು. ಹೇಂಟಿ ಎಬ್ಬಿಸಬ್ಯಾಡ್ರಿ ಅಂದ್ಳು. ನಾ ಹೂಂ ಅಂದೀನಿ."

"ಹೋಗೋರು ಏನೇನೋ ಅಂತಾರ ತಂಗಿ. ಇರೋರನ್ನ ನೋಡಬೇಕು ನಾವು."

"ಖರೇ ಅಂದಾಳೋ ಗುರಣ್ಣಾ," ಎಂದಳು ಹೆಣದ ಪಕ್ಕ ಕುಳಿತಿದ್ದ ರುದ್ರವ್ವ. ಅಂಬಾಬಾಯಿಯ ಜೊತೆ ಮೂವತ್ತು ವರ್ಷ ಸಿಮೆಂಟು ಹೊತ್ತ ಗೆಳತಿ ಅವಳು. ಬಾಯಿಗೆ ವೀಳ್ಯ ಇಟ್ಟು, ಕೈಗೆ ನಾಣ್ಯ ಇಡಲೆಂದು ಸತ್ತವಳ ಬಲಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸುತ್ತಿದ್ದಳು. "ನೋಡಿಲ್ಲಿ, ಕೈಯಾಗ ಇನ್ನೂ ಜ್ವಾಳ ಅವ. ಕೋಳಿಗೆ ಹಾಕಾಕ ಹೋಗೇ ಸತ್ತಾಳ ಪುಣ್ಯಾತಗಿತ್ತಿ."

*

ಮೂರು ವರ್ಷದ ಹಿಂದೆ ಸೋನಾಲಿ ಹುಟ್ಟಿದಾಗ ದುರ್ಗಾ ಇದೇ ಮಂಚದ ಮೇಲೆ ಬಾಣಂತಿಯಾಗಿ ಮಲಗಿದ್ದಳು. ಕೆಳಗೆ ಈ ಹೇಂಟೆಯ ತಾಯಿ ಕಾವಿಗೆ ಕುಳಿತಿತ್ತು.

"ಮ್ಯಾಲೊಬ್ಬಾಕಿ, ಕೆಳಗೊಬ್ಬಾಕಿ. ಇಬ್ಬರು ಬಾಣಂತೇರ ಸೇವಾ ಮಾಡಿ ನನ್ನ ಸೊಂಟ ಬಿದ್ದು ಹೋತು," ಎಂದು ಅಂಬಾಬಾಯಿ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ಬೈಯುತ್ತಲೇ ಮೇಲಿನವಳಿಗೆ ಅಳವಿ ಪಾಯಸ, ಕೆಳಗಿನವಳಿಗೆ ಜೋಳ.

ಗೂಡೆಂದರೆ ಅವಳದೇ ಹಳೆಯ ಘಮೇಲಾ. ಮೂವತ್ತು ವರ್ಷ ತಲೆಯ ಮೇಲೆ ಸಿಮೆಂಟು, ಖಡಿಕಲ್ಲು ಹೊತ್ತ ಅದೇ ಕಬ್ಬಿಣದ ಬುಟ್ಟಿಯಲ್ಲಿ ಮರದ ಹೊಟ್ಟು ಹರವಿ ತತ್ತಿ ಇಡುತ್ತಿದ್ದಳು. ಕಬ್ಬಿಣ ಇದ್ದರೆ ಗುಡುಗಿಗೆ ತತ್ತಿ ಕೆಡುವುದಿಲ್ಲವಂತೆ. ಏಳನೆಯ ದಿನ ಪತ್ರಾದ ತೂತಿನಿಂದ ಇಳಿಯುವ ಬಿಸಿಲಿಗೆ ಒಂದೊಂದನ್ನೇ ಹಿಡಿದು, ಒಳಗೆ ಕೆಂಪು ಎಳೆ ಕಾಣದ್ದನ್ನು ತೆಗೆದು ಹಾಕುತ್ತಿದ್ದಳು. ಇಪ್ಪತ್ತನೆಯ ದಿನ ಉಗುರುಬೆಚ್ಚಗಿನ ನೀರಿನಲ್ಲಿ ತೇಲಿಬಿಡುತ್ತಿದ್ದಳು. ಒಳಗೆ ಮರಿ ಇದ್ದರೆ ತತ್ತಿ ತಾನೇ ಅಲುಗುತ್ತದೆ.

ಮೊದಲ ಸಲ ಅದನ್ನು ನೋಡಿ ದುರ್ಗಾ ಹಿಗ್ಗಿ ಹೋಗಿದ್ದಳು. "ಅತ್ತೀ, ಎಲ್ಲಾನೂ ಕುಣ್ಯಾಕತ್ತಾವ!"

"ಹುಚ್ಚಿ. ಅದು ಹ್ಯಾಮರ್," ಎಂದಿದ್ದಳು ಅಂಬಾಬಾಯಿ. ಶೆಡ್ಡುಗಳ ಬೆನ್ನಿಗೇ ಫೋರ್ಜಿಂಗ್ ಕಂಪನಿಯಿತ್ತು. ಅಲ್ಲಿನ ದೊಡ್ಡ ಹ್ಯಾಮರ್ ಬಿದ್ದಾಗಲೆಲ್ಲ ಓಣಿಯ ನೆಲ ನಡುಗುತ್ತಿತ್ತು, ತಟ್ಟೆಯಲ್ಲಿಟ್ಟ ಚಹಾ ಕೂಡ. "ಅದು ನಡದಾಗ ನೋಡಬಾರದು, ಸತ್ತ ತತ್ತೀನೂ ಕುಣೀತದ. ಕಂಪನಿ ಊಟದ ಭೋಂಗಾ ಕೂಗಲಿ, ಹ್ಯಾಮರ್ ನಿಲ್ಲಲಿ, ನೀರು ನಿಲ್ಲಲಿ. ಆಮ್ಯಾಲೂ ಅಲುಗಿದ್ದು ಜೀವ."

ದುರ್ಗಾ ಹಡೆದ ಹನ್ನೆರಡನೆಯ ದಿನ ಗುರಣ್ಣ ಬಂದಿದ್ದ. ಚಾಕಣದ ಸೈಟಿನಲ್ಲಿ ಆಳು ಕಡಿಮೆ, ಸೊಸೆಯನ್ನು ನಾಲ್ಕು ದಿನ ಕಳಿಸು ಎಂದು ಕೇಳಲು. ಅಂಬಾಬಾಯಿ ಲಟ್ಟಣಿಗೆ ಕೈಯಲ್ಲಿ ಹಿಡಿದೇ ಬಾಗಿಲಿಗೆ ಹೋದಳು. "ಕುಂತಾಕಿನ್ನ ಎಬ್ಬಿಸಬ್ಯಾಡ ಗುರಣ್ಣಾ. ಒಮ್ಮೆ ಎಬ್ಬಿಸೀದಿ, ಸಾಕು," ಎಂದಳು. ಅವನು ತಿರುಗಿ ಹೋದ.

ಅಂದೇ ಅವಳು ಸೊಸೆಗೆ ಆ ಕತೆ ಹೇಳಿದ್ದು. ತೊಂಬತ್ತೊಂದರ ಡಿಸೆಂಬರ್, ಪಿಂಪ್ರಿಯ ಸೈಟು. ಹೆಣ್ಣು ಹಡೆದು ಎಂಟು ದಿನ. ಅವತ್ತು ಸ್ಲ್ಯಾಬ್ ಹಾಕುವುದಿತ್ತು. "ಸ್ಲ್ಯಾಬ್ ಯಾರಿಗೂ ಕಾಯೂದಿಲ್ಲವ್ವಾ, ಒಂದ ಹೊತ್ತು ಬಾ," ಎಂದು ಗುರಣ್ಣ ಕರೆದ, ಅವಳು ಎದ್ದಳು. ಕೂಸನ್ನು ಕೆಳಗೆ ಜೋಳಿಗೆಯಲ್ಲಿ ಹಾಕಿ, ತೂಗೆಂದು ಒಂಬತ್ತು ವರ್ಷದ ಭೀಮುವಿನ ಕೈಗೆ ಹಗ್ಗ ಕೊಟ್ಟಳು. ಒಂದು ಹೊತ್ತು ಅಂದದ್ದು ದೀಪ ಹಚ್ಚುವತನಕ ಎಳೆಯಿತು. ಹಾಲಿಗೆ ಕುಪ್ಪಸ ತೋಯ್ದು ಅವಳು ಓಡಿ ಇಳಿದು ಬಂದಾಗ ಭೀಮು ಇನ್ನೂ ತೂಗುತ್ತಿದ್ದ. "ಮಲಗ್ಯಾದವ್ವಾ," ಎಂದ. ಕೂಸು ತಣ್ಣಗಾಗಿತ್ತು.

"ಗುರಣ್ಣನೇ ಕುಣಿ ತೋಡಿದ. ನನಗಿಂತ ಹೆಚ್ಚು ಅತ್ತ," ಎಂದಿದ್ದಳು ಅಂಬಾಬಾಯಿ. "ಕೆಟ್ಟಾವಲ್ಲ ಅಂವ. ಕೆಟ್ಟಾವ ಆಗಿದ್ರ ಬೈದರೆ ಹಗುರಾಗ್ತಿದ್ದೆ."

ಹಾಗೆಂದು ಕೋಳಿಗಳ ಮೇಲೆ ಅವಳಿಗೆ ಬಹಳ ಮಮತೆಯೇನೂ ಇರಲಿಲ್ಲ. ಬೆಳೆದವನ್ನು ಕೊಯ್ದು ಸಾರು ಮಾಡುತ್ತಿದ್ದಳು, ಎಲುಬು ಚೀಪುತ್ತಿದ್ದಳು. ತಿನ್ನೂದು ಬ್ಯಾರೆ, ಕುಂತಾಕಿನ್ನ ಎಬ್ಬಿಸೂದು ಬ್ಯಾರೆ ಎನ್ನುತ್ತಿದ್ದಳು.

*

ಹತ್ತೂವರೆಗೆ ಟೆಂಪೋ ಬಂತು. ಚಟ್ಟ ಕಟ್ಟಿ ಮುಗಿದಿತ್ತು.

ದುರ್ಗಾ ಮಂಚದ ಕೆಳಗೆ ಕೈ ಹಾಕಿ ಮೆಲ್ಲಗೆ ಒಂದು ತತ್ತಿ ತೆಗೆದಳು. ಅದರ ನೆತ್ತಿಯಲ್ಲಿ ಸಣ್ಣ ಬಿರುಕಿತ್ತು. ತಂದು ಗುರಣ್ಣನ ಕಿವಿಗೆ ಹಿಡಿದಳು.

"ಕೇಳ್ರಿ ಕಾಕಾ. ಒಳಗಿಂದ ಕರ್ಯಾಕತ್ತದ. ಜೀವಾನೇ ಬೇಕಂದ್ರ ಇದನ್ನ ಕಟ್ರಿ. ಹತ್ತು ಉಳೀತಾವ."

ಗುರಣ್ಣ ಕೇಳಿದ. ಚೀಂವ್ ಎಂಬ ದನಿ ಅವನಿಗೆ ಕೇಳಿಸಿತೆಂಬುದು ಮುಖದಲ್ಲೇ ಗೊತ್ತಾಯಿತು. ಮುದುಕ ತತ್ತಿಯನ್ನು ಅವಳ ಕೈಗೇ ವಾಪಸು ಕೊಟ್ಟ.

"ಕಣ್ಣಿಗೆ ಕಾಣೂ ಜೀವ ಬೇಕವ್ವಾ. ನನಗೇನು ಹೌಸೇನು? ಹೊತ್ತು ಏರ್ಯಾಕತ್ತದ, ಹೆಣ ಯಾರಿಗೂ ಕಾಯೂದಿಲ್ಲ."

"ನಮ್ಮತ್ತಿ ಯಾರನ್ನೂ ಒಯ್ಯಾಕಿ ಅಲ್ರಿ. ಸೋನಾಲಿ ಅಂದ್ರ ಪ್ರಾಣ ಬಿಡ್ತಿದ್ಳು."

ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಾಣ ಬಿಡ್ತಿದ್ದಳು ಎಂಬ ಮಾತು ಆ ಹೊತ್ತಿಗೆ ಆಡಬಾರದಿತ್ತು. ದುರ್ಗಾ ನಾಲಿಗೆ ಕಚ್ಚಿಕೊಂಡಳು.

"ಅದಕ್ಕ ಹೇಳೋದು," ಎಂದ ಗುರಣ್ಣ ದನಿ ತಗ್ಗಿಸಿ. "ಭಾಳ ಹಚ್ಚಿಕೊಂಡವರನ್ನ ಮೊದಲ ಕರೀತದ ಜೀವ."

ಸೊಂಟದ ಮೇಲಿದ್ದ ಸೋನಾಲಿಗೆ ಎಂಟು ದಿನದಿಂದ ಕೆಮ್ಮು. ಆಗಲೇ ಬಂತು, ನಿಲ್ಲದೆ ಬಂತು. ಕೂಸಿನ ಬೆನ್ನು ಕೈಯಡಿಯಲ್ಲಿ ಕುಲುಕಾಡಿತು. ದುರ್ಗಾ ಯಾರ ಮುಖವನ್ನೂ ನೋಡದೆ ಮಗಳನ್ನು ರಂಗೂಬಾಯಿಗೆ ಕೊಟ್ಟಳು. ಹೇಂಟೆಗೆ ಯಾರ ಕೈಯೂ ಆಗುತ್ತಿರಲಿಲ್ಲ, ಅತ್ತೆಯದನ್ನು ಬಿಟ್ಟು. ಅತ್ತೆ ದಿನಾ ಉಡುತ್ತಿದ್ದ ಹಸಿರು ಸೀರೆ ಹೊದ್ದು, ರುದ್ರವ್ವನ ಹತ್ತಿರ ಆ ಮುಷ್ಟಿಯ ಜೋಳ ಇಸಿದುಕೊಂಡು, ಮಂಚದ ಕೆಳಗೆ ಬಗ್ಗಿದಳು.

"ಕ್ಕೊ ಕ್ಕೊ... ಬಾ ನನ್ನವ್ವ, ಬಾ ನನ್ನ ಬಾಣಂತಿ," ಎಂದಳು, ಅತ್ತೆ ಕರೆಯುತ್ತಿದ್ದ ಹಾಗೆಯೇ.

ಹೇಂಟೆ ಕುಕ್ಕಲಿಲ್ಲ. ಅಂಗೈಯ ಜೋಳವನ್ನು ಒಂದೊಂದಾಗಿ ತಿಂದಿತು. ಕೊನೆಯ ಕಾಳು ತಿನ್ನುವವರೆಗೂ ಕಾದು ದುರ್ಗಾ ಅದನ್ನು ಎರಡೂ ಕೈಯಿಂದ ಎತ್ತಿದಳು. ಎದೆಯ ಪುಕ್ಕ ಉದುರಿದ ಬರಿ ಚರ್ಮ ಕಾದ ಹಂಚಿನಂತಿತ್ತು. ಅದನ್ನು ಚಟ್ಟದ ಬಿದಿರಿಗೆ ಕಟ್ಟುವಾಗ ಅವಳು ಬಾಯಿಬಿಟ್ಟು ಅತ್ತಳು. ಅತ್ತೆಗಾಗಿ ಎಂದು ಜನ ತಿಳಿದರು.

ಟೆಂಪೋ ಹೊರಡುವಾಗ ಗಂಡನ ತೋಳು ಹಿಡಿದು ಪಿಸುಗುಟ್ಟಿದಳು: "ಅಲ್ಲಿ ಬಿಟ್ಟ ಕೂಡಲೇ ಅಂಗಿಯೊಳಗ ಮುಚ್ಚಿಕೊಂಡು ಬರ್ರಿ. ಯಾರು ಏನರೆ ಅನ್ಲಿ. ನಿಮ್ಮ ಕಾಲು ಬೀಳ್ತೀನಿ."

ಭೀಮು ಹೂಂ ಎಂದ.

ಹೆಣ ಹೋದ ಮನೆಯನ್ನು ಹಾಗೆಯೇ ಇಡುವಂತಿಲ್ಲ. ಹೆಂಗಸರು ಕೊಡಗಟ್ಟಲೆ ನೀರು ತಂದು ಸುರಿದರು, ಮಂಚದ ಕೆಳಗೆಲ್ಲ ನೀರು ಹರಿಯಿತು. ದುರ್ಗಾ ಘಮೇಲಾ ಎತ್ತಿ ಮಂಚದ ಮೇಲಿಟ್ಟು ಕೌದಿ ಹೊದಿಸಿದಳು. ಬಲ್ಬು ಇಳಿಬಿಡೋಣವೆಂದರೆ ನಾಲ್ಕರವರೆಗೆ ಲೋಡ್ ಶೆಡ್ಡಿಂಗ್. ಕಂಪನಿಗೆ ಕರೆಂಟಿತ್ತು, ಓಣಿಗೆ ಇರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮಡಿಲಲ್ಲಿಟ್ಟು ಕೂರೋಣವೆಂದರೆ ರುದ್ರವ್ವ ತಲೆಯ ಮೇಲೆ ತಣ್ಣೀರು ಹೊಯ್ದಳು, "ಗಂಡಸರು ಬರೂತನಾ ಸೀರಿ ಬಿಚ್ಚಬ್ಯಾಡ," ಎಂದಳು. ತೊಯ್ದ ಮೈಯಿಂದ ತತ್ತಿ ಮುಟ್ಟುವುದು ಹೇಗೆ? ರಂಗೂಬಾಯಿ ಸ್ಟೋವಿನಲ್ಲಿ ನೀರು ಕಾಯಿಸಿ ಬಾಟಲಿಯಲ್ಲಿ ತುಂಬಿ ಕೌದಿಯೊಳಗೆ ತೂರಿಸಿದಳು, ಎರಡು ಸಲ. ಬಿರುಕು ಬಿಟ್ಟ ತತ್ತಿಯೊಳಗಿನ ಕೂಗು ಮೊದಲು ಕೌದಿಯಾಚೆಗೂ ಕೇಳುತ್ತಿತ್ತು. ಆಮೇಲೆ ಕಿವಿ ಇಟ್ಟರೆ ಕೇಳುತ್ತಿತ್ತು. ದುರ್ಗಾ ಒದ್ದೆ ಸೀರೆಯಲ್ಲಿ ಹೊಸ್ತಿಲ ಮೇಲೆ ಕುಳಿತು ಟೆಂಪೋದ ದಾರಿ ಕಾದಳು.

*

ಮೂರಕ್ಕೆ ಗಂಡಸರು ಬಂದರು. ಕಾಲು ತೊಳೆದು, ಅಂಬಾಬಾಯಿ ಕೂತ ಜಾಗದಲ್ಲಿಟ್ಟ ದೀಪ ನೋಡಿ, ಹೊರಗೆ ಚಹಾಕ್ಕೆ ಕುಳಿತರು. ಭೀಮುವಿನ ಅಂಗಿ ಮೈಗೆ ಅಂಟಿತ್ತು. ಅದರೊಳಗೆ ಏನೂ ಇರಲಿಲ್ಲ.

"ಎಲ್ಲಿ?" ಎಂದಳು ದುರ್ಗಾ.

ಅವನು ಗೋಡೆ ನೋಡುತ್ತ ಹೇಳಿದ. "ಬಿಟ್ಟೆ. ಓಡಿ ಹೋಗ್ತದ, ಹಿಂದ ಹೋಗಿ ಹಿಡೀತೀನಿ ಅಂತ ಮಾಡಿದ್ದೆ. ಓಡಲೇ ಇಲ್ಲ. ಬಾಜು ಕಟ್ಟಿ ಮ್ಯಾಲ ಯಾರದೋ ನಿನ್ನಿ ಸುಟ್ಟ ಬೂದಿ ಇತ್ತು, ಇನ್ನೂ ಬೆಚ್ಚಗ. ಸೀದಾ ಹೋಗಿ ಅದರ ಮ್ಯಾಲ ಕುಂತು ರೆಕ್ಕಿ ಹರವಿತು. ಎರಡು ತುಂಡು ಎಲುಬು ಇದ್ದವು, ಚುಂಚಿಲೇ ಹೊಟ್ಟಿ ಕೆಳಗ ಎಳಕೊಂಡಿತು."

"ತರಲಿಲ್ಲ ಯಾಕ?"

"ಕಾಕಾ ತಿರುಗಿ ನೋಡಬ್ಯಾಡ ಅಂದ. ನನ್ನ ಕೈಲೇ ಎತ್ತಾಕ ಆಗಲಿಲ್ಲ ದುರ್ಗಾ," ಎಂದು ಮುಖ ಮುಚ್ಚಿಕೊಂಡು ಅತ್ತ. ಬೆಳಗಿನಿಂದ ಅವನು ಅತ್ತದ್ದು ಅದೇ ಮೊದಲು.

ದುರ್ಗಾ ಸೀರೆ ಬದಲಿಸಿ, ತತ್ತಿಗಳನ್ನು ಮಡಿಲಲ್ಲಿಟ್ಟು, ಕೌದಿ ಹೊದ್ದು ಮಂಚದ ಮೂಲೆಯಲ್ಲಿ ಕುಳಿತಳು. ನಾಲ್ಕಕ್ಕೆ ಬರಬೇಕಾದ ಕರೆಂಟು ಐದೂವರೆಗೆ ಬಂತು. ಸಂಜೆ ಆರೂವರೆಯಾದರೂ ಅವಳು ಎದ್ದಿರಲಿಲ್ಲ. ಬಿರುಕು ಬಿಟ್ಟದ್ದು ಯಾವಾಗಲೋ ಸುಮ್ಮನಾಗಿತ್ತು. ಅದನ್ನು ಅವಳು ಬೇರೆ ಇಟ್ಟಿದ್ದಳು.

ಕೊನೆಗೆ ರಂಗೂಬಾಯಿಯ ಮನೆಯಿಂದ ಬಿಸಿನೀರು ತರಿಸಿದಳು. ಘಮೇಲಾದ ಹೊಟ್ಟು ತೆಗೆದು, ತೊಳೆದು, ನೀರು ಸುರಿದು, ಮೊಣಕೈ ಅದ್ದಿ ಹದ ನೋಡಿದಳು. ಹತ್ತು ತತ್ತಿಗಳನ್ನು ಒಂದೊಂದಾಗಿ ಬಿಟ್ಟಳು.

ಹತ್ತೂ ಅಲುಗಿದವು.

"ಅಲುಗ್ತಾವ! ರೀ, ಬರ್ರಿ ಇಲ್ಲಿ, ಅಲುಗ್ಯಾಕತ್ತಾವ!"

ಭೀಮು ಬಂದ. ಗುರಣ್ಣನೂ ಹೊಸ್ತಿಲಲ್ಲಿ ಬಂದು ನಿಂತ, ಒಳಗೆ ಬರಲಿಲ್ಲ. ಬಲ್ಬಿನ ಕೆಳಗೆ ತತ್ತಿಗಳು ಒಂದಕ್ಕೊಂದು ತಾಗಿ ಸರಿಯುತ್ತಿದ್ದವು. ಭೀಮು ಹೆಂಡತಿಯ ಮುಖ ನೋಡಿದ. ಆಮೇಲೆ ಕಂಪನಿಯ ಕಡೆಗೆ ಕಿವಿಗೊಟ್ಟ.

ಏಳಕ್ಕೆ ಊಟದ ಭೋಂಗಾ ಕೂಗಿತು. ಹ್ಯಾಮರ್ ನಿಂತಿತು.

ನೀರಿನ ಸುತ್ತುಗಳು ಘಮೇಲಾದ ಅಂಚಿಗೆ ಹೋಗಿ ತಾಗಿದವು, ಸಣ್ಣವಾದವು, ಇಲ್ಲವಾದವು. ಗಂಡ ಹೆಂಡತಿ ಬಗ್ಗಿ ನೋಡಿದರು, ಗುರಣ್ಣ ಹೊಸ್ತಿಲಿಂದಲೇ ಕತ್ತು ಚಾಚಿದ. ನೀರಿನಲ್ಲಿ ಬಲ್ಬು ನಿಚ್ಚಳವಾಗಿ ಕಾಣುತ್ತಿತ್ತು. ದುರ್ಗಾ ಉಸಿರು ಸಹ ತಾಗದಂತೆ ಬಾಯಿಗೆ ಸೆರಗು ಹಿಡಿದುಕೊಂಡಳು. ಐದು ನಿಮಿಷವಾಯಿತು, ಹತ್ತಾಯಿತು. ನೀರು ಆರಿತೆಂದು ಅಂಚಿನಿಂದ ಇನ್ನಷ್ಟು ಬಿಸಿನೀರು ಇಳಿಸಿದಳು, ಮತ್ತೆ ಕಾದಳು. ಗುರಣ್ಣ ಹೊಸ್ತಿಲ ಮೇಲೆಯೇ ಕುಳಿತ.

"ಏಳವ್ವಾ ದುರ್ಗಾ," ಎಂದ.

ಅವಳು ಏಳಲಿಲ್ಲ.

ಏಳೂವರೆಗೆ ಕಂಪನಿಯ ಊಟ ಮುಗಿಯಿತು. ನೆಲದೊಳಗಿಂದ ಮೊದಲ ಏಟು ಬಂತು, ಎರಡನೆಯದು ಬಂತು. ಘಮೇಲಾದಲ್ಲಿ ಹತ್ತೂ ತತ್ತಿಗಳು ಮತ್ತೆ ಕುಣಿಯತೊಡಗಿದವು. ಮಂಚದ ಮೇಲೆ ಮಲಗಿದ್ದ ಸೋನಾಲಿ ಕೌದಿಯೊಳಗಿಂದ ಎದ್ದು ಬಂದು ಅಂಚು ಹಿಡಿದು ನಿಂತು ನೋಡಿದಳು, ನಕ್ಕಳು, ಚಪ್ಪಾಳೆ ತಟ್ಟಿದಳು.