ಪಾದದ ಮೇಲಿನ ಮೊಟ್ಟೆ

ಎಂಬತ್ತೇಳನೇ ಇಸವಿಯ ಚಳಿಗಾಲ. ಬಂಗಾರಪೇಟೆ ಪಕ್ಕದ ನಮ್ಮೂರಿನ ಪಂಚಾಯಿತಿ ಟೀವಿಯಲ್ಲಿ ಆ ಭಾನುವಾರ ಬರೀ ಬಿಳಿ ಚುಕ್ಕೆಗಳು. ಕೋದಂಡಪ್ಪ ಮಾಳಿಗೆ ಹತ್ತಿ ಆಂಟೆನಾವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಸುಸ್ತಾದ. ಟೀವಿ ಕೆಟ್ಟಿಲ್ಲ, ಹಿಮ ಬೀಳುವುದನ್ನೇ ತೋರಿಸುತ್ತಿದ್ದಾರೆ ಎಂದು ಮೇಷ್ಟ್ರು ಹೇಳಿದ ಮೇಲೆ ಇಳಿದು ಬಂದು ಕೂತ.

ಹಿಮದೊಳಗೆ ಕರೀ ಕೋಟು ತೊಟ್ಟಂಥ ಹಕ್ಕಿಗಳು ನಿಂತಿದ್ದವು. ಪೆಂಗ್ವಿನ್ ಅಂತೆ. ಹೆಣ್ಣು ಮೊಟ್ಟೆಯಿಟ್ಟು ಮೀನು ತಿನ್ನಲು ಸಮುದ್ರಕ್ಕೆ ಹೋಗುತ್ತದೆ. ಗಂಡು ಅದನ್ನು ಪಾದದ ಮೇಲಿಟ್ಟುಕೊಂಡು ಉಪವಾಸ ನಿಂತು ಮರಿ ಮಾಡುತ್ತದೆ ಎಂದು ಮೇಷ್ಟ್ರು ವಿವರಿಸಿದರು. ಡೈರಿಯಲ್ಲಿ ಹಾಲಿನ ಕ್ಯಾನು ಹೊರುವ ಬಚ್ಚಪ್ಪನ ಕಣ್ಣು ತುಂಬಿ ಬಂತು.

"ಅದು ಕಣ್ಲಾ ಗಂಡಸು ಅಂದ್ರೆ," ಎಂದ.

ಅದೇ ವಾರ ಅವನ ಮನೆಯಲ್ಲಿ ಕಾವಿಗೆ ಕೂತಿದ್ದ ಕೋಳಿಯನ್ನು ಕಾಡುಬೆಕ್ಕು ಎತ್ತಿಕೊಂಡು ಹೋಯಿತು. ಹೆಂಡತಿ ವೆಂಕಟರತ್ನಮ್ಮ ಬೇರೆ ಕಾವುಕೋಳಿ ಕೇಳಿಕೊಂಡು ಬರುವಷ್ಟರಲ್ಲಿ ಬಚ್ಚಪ್ಪ ಕಂಬಳಿ ಹೊದ್ದು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ.

"ಕಾಲಿಗೇನಾಯ್ತು?"

"ಅತ್ರ ಬರಬ್ಯಾಡ. ಮೊಟ್ಟೆ ಐತೆ."

"ಮಿಕ್ಕಿದ್ದು?"

"ಕೋದಂಡಪ್ಪಂಗೂ ಅವನ ತಮ್ಮಂದಿರ್ಗೂ ಕೊಟ್ಟಿವ್ನಿ."

ಸಂಜೆಗೆ ಅವರೂ ಬಂದರು, ಹೆಜ್ಜೆ ಎತ್ತದೆ ಪಾದ ಜಾರಿಸಿಕೊಂಡು. ಗಾಳಿಗೆ ಬೆನ್ನು ಕೊಟ್ಟು ಒತ್ತೊತ್ತಾಗಿ ನಿಂತರು.

"ಎಮ್ಮೆ ಕರೆಯೋರ್ಯಾರು?" ಎಂದಳು ವೆಂಕಟರತ್ನಮ್ಮ.

"ನಾನು ಕದಲಂಗಿಲ್ಲ ಕಣಮ್ಮೀ. ನೀನೂ ಇಲ್ಲಿರಂಗಿಲ್ಲ. ಎಣ್ಣು ಸಮುದ್ರಕ್ಕೋಗ್ಬೇಕು."

ಅವಳು ಎಮ್ಮೆಯನ್ನು ಅತ್ತೆಗೆ ಒಪ್ಪಿಸಿ, ಕೆ.ಜಿ.ಎಫ್. ರೈಲು ಹತ್ತಿ, ಚಾಂಪಿಯನ್ ರೀಫ್ಸ್‌ನಲ್ಲಿದ್ದ ಅಕ್ಕನ ಮನೆಗೆ ಹೋದಳು. ಅಲ್ಲಿ ಸಮುದ್ರವಿರಲಿಲ್ಲ, ಮೀನಿತ್ತು. ಹೊಟ್ಟೆ ತುಂಬಾ ತಿಂದಳು. ಆಂಡರ್ಸನ್‌ಪೇಟೆಯಲ್ಲಿ ಬಳೆ ತೊಟ್ಟಳು. ಮದುವೆಯಾದ ಮೇಲೆ ಮೊದಲ ಸಲ ಬಿಸಿಲೇರುವವರೆಗೂ ಮಲಗಿದಳು. ಆದರೆ ದಿನ ಕಳೆದಂತೆ ಮೀನು ಗಂಟಲಲ್ಲಿ ಇಳಿಯದಾಯಿತು.

"ಅಲ್ಲಿ ಉಪಾಸ ನಿಂತವ್ನೆ," ಎಂದಳು.

"ನಿಲ್ಲು ಅಂದೋರ್ಯಾರು?" ಎಂದಳು ಅಕ್ಕ.

"ಯಾರೂ ಅನ್ನಲಿಲ್ಲ. ಅದಕ್ಕೇ."

ಕ್ಯಾರಿಯರಿನಲ್ಲಿ ಮುದ್ದೆ, ಮೀನಿನ ಸಾರು ತುಂಬಿಕೊಂಡು ಬಂದಾಗ ಜಗಲಿಯ ಮೇಲೆ ಬಚ್ಚಪ್ಪ ಒಬ್ಬನೇ ಇದ್ದ. ಕೋದಂಡಪ್ಪ ಸೀನಿದಾಗ ಅವನ ಮೊಟ್ಟೆ ಒಡೆದಿತ್ತು. ತಮ್ಮಂದಿರ ಮೊಟ್ಟೆಗಳು ಕೊಳೆತು ನಾರಿದ್ದವು. ಬಚ್ಚಪ್ಪನ ಕೆನ್ನೆ ಒಳಕ್ಕೆ ಹೋಗಿತ್ತು.

"ಉಣ್ಣು."

"ಮೊಟ್ಟೆ?"

"ಇತ್ತ ಕೊಡು."

ಅವನ ಕಾಲ್ಬೆರಳಿಗೆ ಕಾಲ್ಬೆರಳು ತಾಗಿಸಿ ನಿಂತಳು. ಬೀದಿಯೆಲ್ಲ ನೋಡುತ್ತಿತ್ತು, ಹೊರಗೆ ಅವರಿಬ್ಬರೂ ಎಂದೂ ಇಷ್ಟು ಹತ್ತಿರ ನಿಂತವರಲ್ಲ. ಅವನು ಪಾದ ವಾಲಿಸಿದ. ಮೊಟ್ಟೆ ಮೆಲ್ಲಗೆ ಉರುಳಿ ಅವಳ ಪಾದಕ್ಕೆ ಬಂತು. ಅವಳು ಸೀರೆಯ ನೆರಿಗೆ ಇಳಿಬಿಟ್ಟು ಮುಚ್ಚಿದಳು.

ಅವನು ಮುದ್ದೆ ಮುರಿಯುವಷ್ಟರಲ್ಲಿ ಅವಳು ಪಿಸುಗುಟ್ಟಿದಳು:

"ಇಗಾ, ಕಾಲು ಕುಟುಕ್ತೈತೆ."

ಸಾರಿನ ಕೈಯಲ್ಲೇ ಬಂದು ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತ. ಒದ್ದೆ ಮರಿ ಪೂರ್ತಿ ಹೊರಗೆ ಬರುವವರೆಗೂ ಅಲ್ಲಿಂದ ಏಳಲಿಲ್ಲ. ಆಮೇಲೆ ಇಬ್ಬರೂ ತಣ್ಣಗಾದ ಮುದ್ದೆಯನ್ನು ಹಂಚಿಕೊಂಡು ಉಂಡರು, ಅವಳು ನಿಂತುಕೊಂಡೇ.